ಊರು ಬಿಟ್ಟರೆ ಉಯಿಲು ಕೆಡುತ್ತದೆಯೇ?

“ಇಲ್ಲಿ ಬರೆಸಿದ ವಿಲ್, ಪುಣೆಗೆ ಹೋಗಿ ನೆಲೆಸಿದ ಮ್ಯಾಲ ನಡೀತದೇನ್ರಿ ಮೇಡಂ?”

ಕಲಬುರಗಿಯಲ್ಲಿ ಸಿವಿಲ್ ವಕೀಲಿಕೆ ಮಾಡುವ ನನಗೆ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಎದುರಾಗುತ್ತದೆ. ನಮ್ಮ ಭಾಗದ ಮಕ್ಕಳು ಓದು ಮುಗಿಸಿ ಹೊರಡುವುದು ಹೈದರಾಬಾದಿಗೆ, ಇಲ್ಲವೇ ಪುಣೆಗೆ. ಎರಡೂ ನಮಗೆ ಬೆಂಗಳೂರಿಗಿಂತ ಹತ್ತಿರ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅಪ್ಪ-ಅವ್ವನಿಗೆ ವಯಸ್ಸಾಗುತ್ತದೆ, ಮಗನೋ ಮಗಳೋ ಬಂದು ಕರೆದೊಯ್ಯುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಹೊಲ ಪಾಲಿಗೆ ಹೋಗುತ್ತದೆ. ಟ್ರಂಕಿನ ತಳದಲ್ಲಿ ಒಂದು ಕಾಗದ ಉಳಿಯುತ್ತದೆ. ಅದನ್ನು ಕೆಲವರು ಮೃತ್ಯುಪತ್ರ ಅಂತಾರೆ, ಕೆಲವರು ವಿಲ್ ಅಂತಾರೆ, ಪುಸ್ತಕದ ಕನ್ನಡದಲ್ಲಿ ಅದು ಉಯಿಲು, ನಮ್ಮ ಮುಸ್ಲಿಂ ನೆರೆಯವರಿಗೆ ವಸೀಯತ್.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಡೀತದ. ಒಂದು ರಾಜ್ಯದಲ್ಲಿ ಸರಿಯಾಗಿ ಬರೆದ ವಿಲ್, ಬರೆದವರು ಇನ್ನೊಂದು ರಾಜ್ಯಕ್ಕೆ ಹೋದ ಮಾತ್ರಕ್ಕೆ ರದ್ದಾಗುವುದಿಲ್ಲ. ಆದರೆ ಊರು ಬಿಟ್ಟಾಗ ಬೇರೆ ಕೆಲವು ಸಂಗತಿಗಳು ಸಡಿಲವಾಗುತ್ತವೆ. ಅವುಗಳತ್ತ ಯಾರೂ ಗಮನ ಕೊಡುವುದಿಲ್ಲ. ಈ ಲೇಖನ ಅದಕ್ಕಾಗಿ.

ಕಾನೂನು ಒಂದೇ

ವಿಲ್ ಬರೆಯುವ ಬಗೆಯನ್ನು ಹೇಳುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದು ಕೇಂದ್ರದ ಕಾನೂನು. ಹಿಂದೂ, ಬೌದ್ಧ, ಜೈನ, ಸಿಖ್, ಕ್ರೈಸ್ತರಿಗೆಲ್ಲ ಅದರ 63ನೇ ಕಲಂ ಅನ್ವಯಿಸುತ್ತದೆ. ಬರೆಸುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಎಂದು ಬರೆಸಿದವರ ಬಾಯಿಂದ ಕೇಳಿರಬೇಕು. ಸಾಕ್ಷಿಗಳೂ ಅವರ ಎದುರಿಗೇ ಸಹಿ ಮಾಡಬೇಕು. ಇಷ್ಟೇ. ಛಾಪಾ ಕಾಗದ ಬೇಕಿಲ್ಲ, ಸಾದಾ ಹಾಳೆ ಸಾಕು. ಕನ್ನಡ, ಮರಾಠಿ, ಉರ್ದು, ತೆಲುಗು, ಯಾವ ಭಾಷೆಯಾದರೂ ನಡೆಯುತ್ತದೆ. ನೋಂದಣಿ ಕಡ್ಡಾಯವಲ್ಲ. ಈ ನಿಯಮ ಕಲಬುರಗಿಯಲ್ಲಿ ಹೇಗೋ ಪುಣೆಯಲ್ಲೂ ಹಾಗೇ, ಹೈದರಾಬಾದಿನಲ್ಲೂ ಹಾಗೇ.

ಹಾಗಿದ್ದರೆ ಈ ಹೆದರಿಕೆ ಎಲ್ಲಿಂದ ಬಂತು? ಒಂದು ಕಾರಣ ಅಮೆರಿಕ ಅಂತ ನನಗನಿಸುತ್ತದೆ. ಅಲ್ಲಿ ಪ್ರತಿ ರಾಜ್ಯಕ್ಕೂ ವಿಲ್ ಬಗ್ಗೆ ತನ್ನದೇ ಕಾನೂನು. ರಾಜ್ಯ ಬದಲಿಸಿದವರು ಹಳೆಯ ವಿಲ್ಲನ್ನು ವಕೀಲರಿಗೆ ತೋರಿಸಬೇಕು ಎಂಬ ಸಲಹೆ ಅಲ್ಲಿ ಸಾಮಾನ್ಯ. ಅಲ್ಲಿರುವ ಮಕ್ಕಳು ಅದನ್ನು ಓದಿ ಇಲ್ಲಿಗೆ ಫೋನ್ ಮಾಡುತ್ತಾರೆ. ಇನ್ನೊಂದು ಕಾರಣ ನಮ್ಮಲ್ಲೇ ಇದೆ. ಮದುವೆ ಮನೆಯಲ್ಲಿ, ಕಟ್ಟೆಯ ಮೇಲೆ ಯಾರೋ ತಿಳಿದವರಂತೆ ಆಡಿದ ಮಾತು. ನಮ್ಮ ಮನೆಯಲ್ಲೂ ಆದದ್ದು ಅದೇ.

ವೈನಿಯ ಮಾಳಿಗೆ

ನಮ್ಮ ಕಾಕಾ ನಿವೃತ್ತ ಶಿಕ್ಷಕರು. ಕೋಟೆಯ ಹೊರಗಿನ ಒಂದು ಓಣಿಯಲ್ಲಿ ಪಗಾರದ ದುಡ್ಡಿನಿಂದ ಕಟ್ಟಿಸಿದ ಮನೆ. ಕಮಲಾಪುರದ ಹತ್ತಿರ ತಾವೇ ಕೊಂಡ ನಾಲ್ಕು ಎಕರೆ ಹೊಲ. ಅದರಲ್ಲಿ ಒಂದಿಷ್ಟು ಕೆಂಪು ಬಾಳೆ, ಉಳಿದದ್ದು ತೊಗರಿ. ಹಿರಿಯ ಮಗ ತೀರಿಕೊಂಡ ಮೇಲೆ, 2011ರಲ್ಲಿ ಕಾಕಾ ವಿಲ್ ಬರೆಸಿದರು. ಮನೆ ಹಿರಿಯ ಸೊಸೆಗೆ, ಹೊಲ ಕಿರಿಯ ಮಗ ಮತ್ತು ಮಗಳಿಗೆ ಸಮ. ಕಾಕು ಹೋದ ಮೇಲೆ, ಸಕ್ಕರೆ ಕಾಯಿಲೆ ಹೆಚ್ಚಾಗಿ, ಪುಣೆಯ ಮಗಳು ಅವರನ್ನು ಕರೆದುಕೊಂಡು ಹೋದಳು. ಆಧಾರ್ ವಿಳಾಸವೂ ಅಲ್ಲಿಗೇ ಬದಲಾಯಿತು.

ಒಂದು ಮದುವೆಯಲ್ಲಿ ದೂರದ ಸಂಬಂಧಿಯೊಬ್ಬರು ವೈನಿಗೆ ಹೇಳಿದರಂತೆ: “ನಿಮ್ಮ ಮಾವನವರು ಈಗ ಮಹಾರಾಷ್ಟ್ರದವರಾದ್ರು. ಇಲ್ಲಿ ಬರೆದ ಕಾಗದ ಇನ್ನ ರದ್ದಿ ಇದ್ದಂಗ.”

ವೈನಿ ಯಾರಿಗೂ ಹೇಳಲಿಲ್ಲ. ಆ ವರ್ಷ ಮಾಳಿಗೆ ಸೋರುತ್ತಿತ್ತು. ಬಟ್ಟೆ ಹೊಲಿದು ಕೂಡಿಸಿಟ್ಟ ಹಣ ಇತ್ತು, ಆದರೂ ರಿಪೇರಿ ಮಾಡಿಸಲಿಲ್ಲ. ಮಗಳ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಮಳೆಗಾಲ ಕಳೆದರು. ಯಾಕೆ ಎಂದು ನಾನು ಕೇಳಿದಾಗ ಮಾತು ಹೊರಬಂತು.

“ನಾಳೆ ಬಿಡು ಅಂದ್ರ ಬಿಡೋ ಮನಿಗಿ ಯಾಕ ಖರ್ಚು ಮಾಡ್ಲಿ, ತಂಗಿ?”

ಅವರ ಹೆದರಿಕೆಗೆ ಲೆಕ್ಕದ ಆಧಾರವೂ ಇತ್ತು. ವಿಲ್ ಇಲ್ಲವೆಂದಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಕಾಕಾನ ಆಸ್ತಿ ಮೂರು ಪಾಲಾಗುತ್ತದೆ. ಮಗನಿಗೆ ಒಂದು, ಮಗಳಿಗೆ ಒಂದು, ತೀರಿಕೊಂಡ ಮಗನ ಹೆಂಡತಿ-ಮಗಳಿಗೆ ಸೇರಿ ಒಂದು. ಅಂದರೆ ಇಡೀ ಮನೆ ಸಿಗುವ ಕಡೆ ಮೂರನೇ ಒಂದು ಭಾಗ. ಎರಡು ಕೋಣೆಯ ಮನೆಯಲ್ಲಿ ಮೂರನೇ ಒಂದು ಭಾಗ ಎಂದರೆ, ಕೊನೆಗೆ ಮನೆ ಮಾರಿ ಹಣ ಹಂಚಿಕೊಳ್ಳುವುದೇ.

“ವೈನೀ, ಕಾಕಾ ಪುಣೆಗೆ ಹೋಗ್ಯಾರ, ವಿಲ್ ಎಲ್ಲೂ ಹೋಗಿಲ್ರಿ” ಅಂದೆ. ಆದರೆ ಟ್ರಂಕಿನಿಂದ ಆ ವಿಲ್ ತೆಗೆಸಿ ಓದಿದ ಮೇಲೆ ನನಗೆ ಬೇರೆ ಚಿಂತೆ ಹತ್ತಿತು. ಅದನ್ನು ಮುಂದೆ ಹೇಳುತ್ತೇನೆ.

ಮನೆ ಬಿಡದೆ ರಾಜ್ಯ ಬದಲಾದವರು ನಾವು

ರಾಜ್ಯ ಬದಲಾದರೆ ಕಾಗದ ಸಾಯುತ್ತದೆ ಎಂಬ ಮಾತು ಕಲಬುರಗಿಯವರ ಬಾಯಲ್ಲಿ ಬರಬಾರದು. ಇಲ್ಲಿಯ ಎಂಬತ್ತೈದು ವರ್ಷದ ಮುತ್ಯಾ ಒಬ್ಬರನ್ನು ನೆನೆಸಿಕೊಳ್ಳಿ. ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ಕ್ಕೆ ಮೈಸೂರು ಕರ್ನಾಟಕವಾಯಿತು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿಯಾಯಿತು. ಮುತ್ಯಾ ಹೊಸ್ತಿಲು ದಾಟಿಲ್ಲ, ರಾಜ್ಯವೇ ಅವರ ಮನೆಯ ಮೇಲೆ ಹಾದುಹೋಯಿತು.

1956ರಲ್ಲಿ ನಮ್ಮ ಜಿಲ್ಲೆಯ ಎಲ್ಲ ತಾಲೂಕುಗಳೂ ಈ ಕಡೆ ಬರಲಿಲ್ಲ. ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಅಣ್ಣನ ಹೊಲ ಅಲ್ಲಿ, ತಮ್ಮನ ಮನೆ ಇಲ್ಲಿ ಎಂಬ ಕುಟುಂಬಗಳು ಸೇಡಂ ಕಡೆ ಎಷ್ಟೋ ಇವೆ. ಗೆರೆ ಸರಿದಾಗಲೆಲ್ಲ ಜನರ ಕಾಗದಗಳು ಸತ್ತುಹೋಗಿದ್ದರೆ ಈ ಸೀಮೆಯಲ್ಲಿ ಯಾರ ಆಸ್ತಿಯೂ ಉಳಿಯುತ್ತಿರಲಿಲ್ಲ. ಹಾಗಾಗದಂತೆ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂನಲ್ಲೇ ಹೇಳಿದ್ದರು: ಬೇರೆ ಕಾನೂನು ಮಾಡುವವರೆಗೆ, ಪ್ರದೇಶ ಯಾವ ರಾಜ್ಯಕ್ಕೆ ಸೇರಿದರೂ ಅಲ್ಲಿದ್ದ ಕಾನೂನು ಮುಂದುವರಿಯುತ್ತದೆ.

ಕಾಕಾನ ವಿಲ್‌ನಲ್ಲಿ “ಗುಲಬರ್ಗಾ ತಾಲೂಕು, ಕಮಲಾಪುರ” ಎಂದಿತ್ತು. ಈಗ ಊರಿನ ಹೆಸರು ಕಲಬುರಗಿ, ಕಮಲಾಪುರವೇ ಒಂದು ತಾಲೂಕು. ಇದೂ ತೊಂದರೆಯಲ್ಲ. ಯಾವ ಆಸ್ತಿ ಎಂಬುದು ಸ್ಪಷ್ಟವಿದ್ದರೆ, ವಿವರದಲ್ಲಿ ಹೊಂದದ ಮಾತಿನಿಂದ ವಿಲ್ ಕೆಡುವುದಿಲ್ಲ ಎಂದು ಕಾಯ್ದೆಯ 78ನೇ ಕಲಂ ಹೇಳುತ್ತದೆ. ಸರ್ವೆ ನಂಬರ್, ಚಕ್ಕುಬಂದಿ ಸರಿಯಿದ್ದರೆ ಸಾಕು.

ಗಡಿ ಲೆಕ್ಕಕ್ಕೆ ಬರುವುದೆಲ್ಲಿ?

ಹಾಗಂತ ರಾಜ್ಯದ ಗಡಿಗೆ ಅರ್ಥವೇ ಇಲ್ಲ ಎಂದಲ್ಲ. ಕೆಲವು ಕಡೆ ಅದು ಅಡ್ಡ ಬರುತ್ತದೆ.

ಮೊದಲನೆಯದು ಜಮೀನು. ಕೃಷಿ ಭೂಮಿಯ ಕಾನೂನು ಆಯಾ ರಾಜ್ಯದ್ದು. ನೀವು ಎಲ್ಲೇ ವಾಸವಿರಿ, ಹೊಲ ಕರ್ನಾಟಕದಲ್ಲಿದ್ದರೆ ಕರ್ನಾಟಕದ ಭೂಸುಧಾರಣಾ ಕಾಯ್ದೆಯೇ ಅನ್ವಯ. ಗೇಣಿ ಹಕ್ಕನ್ನು ವಾರಸುದಾರರಲ್ಲದ ಹೊರಗಿನವರಿಗೆ ವಿಲ್ ಮೂಲಕ ಕೊಡಲಾಗದು ಎಂದು ಜಮಖಂಡಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಪು ಕೊಟ್ಟಿದೆ. ದಾಖಲೆಯ ಹೆಸರೂ ಬೇರೆ. ನಮ್ಮಲ್ಲಿ ಪಹಣಿ, ಮಹಾರಾಷ್ಟ್ರದಲ್ಲಿ ಸಾತ್‌ಬಾರಾ. ಎರಡೂ ರಾಜ್ಯದಲ್ಲಿ ಆಸ್ತಿ ಇದ್ದರೆ ಒಂದೇ ವಿಲ್ ಸಾಕು, ಆದರೆ ಆಯಾ ಊರಿನ ದಾಖಲೆಯಲ್ಲಿ ಇರುವಂತೆಯೇ ವಿವರ ಬರೆಸಬೇಕು.

ಎರಡನೆಯದು ಪ್ರೊಬೇಟ್, ಅಂದರೆ “ಈ ವಿಲ್ ನಿಜವಾದದ್ದು” ಎಂದು ಕೋರ್ಟು ಕೊಡುವ ಪ್ರಮಾಣ. ಮುಂಬೈ, ಚೆನ್ನೈ, ಕೋಲ್ಕತ್ತಾ ನಗರಗಳಲ್ಲಿ ಬರೆದ ಅಥವಾ ಅಲ್ಲಿಯ ಸ್ಥಿರಾಸ್ತಿಯ ಹಿಂದೂಗಳ ವಿಲ್‌ಗೆ ಇದು ಬಹುಕಾಲ ಕಡ್ಡಾಯವಾಗಿತ್ತು. ಆ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಕಲಬುರಗಿಯ ಮನೆ, ಹೊಲಕ್ಕೆ ಆ ಕಟ್ಟು ಮೊದಲೂ ಇರಲಿಲ್ಲ. ಆದರೂ ತಕರಾರು ಇದ್ದಾಗ ಕೆಲವರು ಪ್ರೊಬೇಟ್ ಪಡೆಯುತ್ತಾರೆ. ಅಂಥವರು ಒಂದು ಮಾತು ತಿಳಿದಿರಬೇಕು. ಜಿಲ್ಲಾ ನ್ಯಾಯಾಲಯದ ಪ್ರೊಬೇಟ್ ಸಾಮಾನ್ಯವಾಗಿ ಆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ಹೊರ ರಾಜ್ಯದ ಆಸ್ತಿ 10,000 ರೂಪಾಯಿ ಮೀರಿದರೆ ಹೈಕೋರ್ಟಿನಿಂದ ಪಡೆಯುವುದು ಒಳ್ಳೆಯದು, ಅದು ದೇಶಕ್ಕೆಲ್ಲ ನಡೆಯುತ್ತದೆ. ಇಂದಿನ ಬೆಲೆಯಲ್ಲಿ 10,000ಕ್ಕೆ ಒಂದು ಗುಂಟೆಯೂ ಸಿಗುವುದಿಲ್ಲ. ಅದೃಷ್ಟಕ್ಕೆ ಕಲಬುರಗಿಯಲ್ಲೇ 2008ರಿಂದ ಹೈಕೋರ್ಟ್ ಪೀಠವಿದೆ, 2013ರಿಂದ ಅದು ಕಾಯಂ ಪೀಠ.

ಮೂರನೆಯದು ಗೋವಾ ಮತ್ತು ಉತ್ತರಾಖಂಡ. ಗೋವಾದ ಉತ್ತರಾಧಿಕಾರ ಕಾನೂನಿಗೆ ಒಳಪಟ್ಟವರು ಮಕ್ಕಳಂಥ ವಾರಸುದಾರರಿದ್ದರೆ ಅರ್ಧ ಆಸ್ತಿಯನ್ನಷ್ಟೇ ಇಷ್ಟದಂತೆ ಬರೆಯಬಹುದು. ಉತ್ತರಾಖಂಡದಲ್ಲಿ 2025ರ ಜನವರಿ 27ರಿಂದ ಸಮಾನ ನಾಗರಿಕ ಸಂಹಿತೆ ಜಾರಿಯಲ್ಲಿದೆ, ವಿಲ್‌ನ ನಿಯಮಗಳೂ ಅದರಲ್ಲಿವೆ. ಈ ಎರಡು ಕಡೆ ಕಾಯಂ ನೆಲೆಸುವವರು ಅಲ್ಲಿಯ ವಕೀಲರಿಗೆ ಒಮ್ಮೆ ಕಾಗದ ತೋರಿಸಲೇಬೇಕು.

ಇನ್ನು ಮುಸ್ಲಿಂ ಕುಟುಂಬಗಳ ವಸೀಯತ್ ಅವರ ವೈಯಕ್ತಿಕ ಕಾನೂನಿನಂತೆ ನಡೆಯುತ್ತದೆ. ಅಂತ್ಯಸಂಸ್ಕಾರದ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗದವರೆಗೆ ಬರೆಯಬಹುದು. ಅದಕ್ಕಿಂತ ಹೆಚ್ಚಿಗೆ ಬರೆದಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ರಾಜ್ಯ ಬದಲಾದರೂ ಈ ಲೆಕ್ಕ ಬದಲಾಗದು.

ಒಂದು ನಿಯಮ ಮಾತ್ರ ಎಲ್ಲರಿಗೂ, ಎಲ್ಲ ಕಡೆಗೂ ಒಂದೇ: ನಮ್ಮದಲ್ಲದ್ದನ್ನು ನಾವು ಬರೆಯಲಾಗದು. ನಮ್ಮ ಕೋಟೆಯನ್ನೇ ನೋಡಿ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 1367ರ ಜಾಮಿಯಾ ಮಸೀದಿ, ದೊಡ್ಡ ತೋಪು ಇರುವ ಆ ಆವರಣದಲ್ಲಿ ತಲೆಮಾರುಗಳಿಂದ ಕುಟುಂಬಗಳು ವಾಸವಾಗಿದ್ದವು. ಎಷ್ಟು ವರ್ಷ ವಾಸವಿದ್ದರೂ, ನೆಲದ ಹಕ್ಕುಪತ್ರ ಇಲ್ಲದಿದ್ದರೆ ಮಗನ ಹೆಸರಿಗೆ ವಿಲ್ ಬರೆದು ಹಕ್ಕು ಹುಟ್ಟಿಸಲಾಗದು. ಪಿತ್ರಾರ್ಜಿತ ಆಸ್ತಿಯದೂ ಇದೇ ಮಾತು. ಅಪ್ಪ ತನ್ನ ಪಾಲನ್ನಷ್ಟೇ ಬರೆಯಬಹುದು, ಹೆಣ್ಣುಮಕ್ಕಳ ಪಾಲನ್ನು ಗಂಡುಮಕ್ಕಳಿಗೆ ಬರೆದುಕೊಡಲಾಗದು. 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದರಲ್ಲಿ ಅನುಮಾನವಿಲ್ಲ.

ಸಾಕ್ಷಿ ಹೇಳುವವರು ಯಾರು?

ಕಾಕಾನ ವಿಲ್ ಓದಿದಾಗ ನನಗೆ ಹತ್ತಿದ ಚಿಂತೆ ಇದು. ಬರವಣಿಗೆ ಸರಿಯಿತ್ತು, ಸಹಿ ಸರಿಯಿತ್ತು. ಆದರೆ ಸಾಕ್ಷಿ ಹಾಕಿದ ಇಬ್ಬರೂ ಕಾಕಾನ ವಯಸ್ಸಿನವರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಹೈದರಾಬಾದಿಗೆ ಮಗನ ಬಳಿ ಹೋದವರು, ಹಳೆಯ ಫೋನ್ ನಂಬರಿಗೆ ಸಿಗುತ್ತಿರಲಿಲ್ಲ. ನೋಂದಣಿ ಆಗಿರಲಿಲ್ಲ. ಕಿರಿಯ ಮಗನ ಹತ್ತಿರ ಇದ್ದದ್ದು ಜೆರಾಕ್ಸ್ ಮಾತ್ರ.

ಬರೆಸಿದವರು ತೀರಿಕೊಂಡ ಮೇಲೆ ಯಾರಾದರೂ ತಕರಾರು ತೆಗೆದರೆ, ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು “ನಾನು ನೋಡಿದ್ದೇನೆ” ಎನ್ನಬೇಕು. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 68ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ. ಇಬ್ಬರೂ ಸಿಗದಿದ್ದರೆ ಅವರಲ್ಲಿ ಒಬ್ಬರ ಅಕ್ಷರವನ್ನೂ ಬರೆಸಿದವರ ಸಹಿಯನ್ನೂ ಬೇರೆಯವರಿಂದ ಗುರುತಿಸಬೇಕು. ಆ ಕೆಲಸ ಕಷ್ಟ. ಮೂವತ್ತು ವರ್ಷ ಹಳೆಯ ಕಾಗದವಾದರೆ ತಾನಾಗಿಯೇ ನಂಬುತ್ತಾರೆ ಎಂಬ ಮಾತೊಂದಿದೆ. ಅದು ವಿಲ್‌ಗೆ ಅನ್ವಯಿಸುವುದಿಲ್ಲ. ಮೈಸೂರು ಕಡೆಯ ಒಂದು ಕುಟುಂಬದ 1943ರ ವಿಲ್ ಕುರಿತು 2013ರಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಈ ಮಾತನ್ನು ಮತ್ತೊಮ್ಮೆ ಹೇಳಿತು. 1943ರ ಕಾಗದಕ್ಕೆ 2013ರಲ್ಲಿ ತೀರ್ಪು!

ಇನ್ನೊಂದು ಹೆಸರು ವಕೀಲರೆಲ್ಲ ಬಲ್ಲದ್ದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ. ಮೈಸೂರು ರಾಜ್ಯದಿಂದ ಹೋದ ಈ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇವತ್ತಿಗೂ ದೇಶದ ಎಲ್ಲ ಕೋರ್ಟುಗಳು ಉದಾಹರಿಸುತ್ತವೆ. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅನುಮಾನ ಹುಟ್ಟುತ್ತದೆ. ಆ ಅನುಮಾನ ಕಳೆಯುವ ಭಾರ ವಿಲ್ ಹಿಡಿದು ಬಂದವರದೇ. ಆ ಪ್ರಕರಣದಲ್ಲಿ ಅನುಮಾನ ಕಳೆಯಲಿಲ್ಲ, ವಿಲ್ ಬಿತ್ತು.

ಪುಣೆಗೆ ಹೋದ ಅಪ್ಪ ಅಲ್ಲಿ ಮಗಳ ಮನೆಯಲ್ಲಿ ಹೊಸ ವಿಲ್ ಬರೆದರೆ ಏನಾಗುತ್ತದೆ ಎಂದೂ ಜನ ಕೇಳುತ್ತಾರೆ. ಸರಿಯಾಗಿ ಬರೆದ ಕೊನೆಯ ವಿಲ್ಲೇ ನಿಲ್ಲುತ್ತದೆ. ಹಿಂದಿನದು ನೋಂದಣಿಯಾಗಿದ್ದರೂ, ಹೊಸದು ನೋಂದಣಿಯಾಗದಿದ್ದರೂ ಅಷ್ಟೇ. ಹರಿದು ಅಥವಾ ಸುಟ್ಟು ಹಾಕಿದರೂ ವಿಲ್ ರದ್ದು. ಕ್ರೈಸ್ತರಾದರೆ ವಿಲ್ ಬರೆದ ಮೇಲಿನ ಮದುವೆಯಿಂದಲೂ ರದ್ದು, ಹಿಂದೂಗಳಿಗೆ ಆ ನಿಯಮವಿಲ್ಲ. ರದ್ದಾಗುವ ಈ ದಾರಿಗಳಲ್ಲಿ “ಊರು ಬಿಡುವುದು” ಎಂಬುದು ಎಲ್ಲೂ ಇಲ್ಲ.

ನಾವು ಏನು ಮಾಡಿದೆವು?

ಶರಣಬಸವೇಶ್ವರರ ಜಾತ್ರೆಗೆ ಕಾಕಾ ಬಂದಿದ್ದರು. ತಿದ್ದುಪಡಿ ಪತ್ರದ ಬದಲು ಹೊಸ ವಿಲ್ಲನ್ನೇ ಬರೆಸಿದೆವು. “2011ರಲ್ಲಿ ಬರೆದದ್ದನ್ನು ರದ್ದು ಮಾಡಿದ್ದೇನೆ, ಈಗ ಪುಣೆಯಲ್ಲಿ ಮಗಳ ಮನೆಯಲ್ಲಿ ವಾಸವಾಗಿದ್ದೇನೆ” ಎಂದು ಮೊದಲೇ ಹೇಳಿಸಿದೆವು. ಮನೆಯನ್ನು ಸೊಸೆಗೆ ಏಕೆ ಕೊಡುತ್ತಿದ್ದೇನೆ ಎಂಬುದನ್ನು ಕಾಕಾ ತಮ್ಮ ಮಾತಿನಲ್ಲೇ ಬರೆಸಿದರು. ಸಾಕ್ಷಿಗೆ ಅವರನ್ನು ವರ್ಷಗಳಿಂದ ಬಲ್ಲ ಡಾಕ್ಟರು ಒಬ್ಬರು, ಮೂವತ್ತರ ಹರೆಯದ ವಕೀಲರೊಬ್ಬರು. ಡಾಕ್ಟರೇ ಸಾಕ್ಷಿಯಾದರೆ ಬುದ್ಧಿ ಸ್ವಾಧೀನದಲ್ಲಿತ್ತೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಂತೆ. ವಿಲ್ ಜಾರಿ ಮಾಡುವ ಹೊಣೆಯನ್ನು ಕಾಕಾ ತಮ್ಮ ಹಳೆಯ ಶಿಷ್ಯರೊಬ್ಬರಿಗೆ ವಹಿಸಿದರು. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ವೈನಿ ಆ ದಿನ ಕಚೇರಿಯ ಕಡೆ ಬರಲಿಲ್ಲ, ಬರಬೇಡಿ ಎಂದು ನಾನೇ ಹೇಳಿದ್ದೆ.

ಸಂಜೆ ಎಲ್ಲರನ್ನೂ ಕೂರಿಸಿ ಕಾಕಾ ಅದನ್ನು ಓದಿ ಹೇಳಿದರು. ಕಿರಿಯ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇದು ಮೊದಲೇ ನಮ್ಮ ಮುಂದ ಓದಿದ್ರ ಇಷ್ಟ್ ದಿನ ಒಬ್ಬರ ಮುಖ ಒಬ್ಬರು ನೋಡದಂಗ ಇರತಿದ್ದಿಲ್ಲ” ಅಂದ. ಅವನಿಗೆ ಪೂರ್ತಿ ಸಮಾಧಾನವಾಯಿತು ಎಂದು ನಾನು ಹೇಳಲಾರೆ. ಆದರೆ ಎದುರಿಗೆ ಆಡಿದ ಮಾತು, ಬೆನ್ನ ಹಿಂದೆ ಬೆಳೆಯುವ ತಕರಾರಿಗಿಂತ ಮೇಲು. ವೈನಿ ಮುಂದಿನ ವಾರವೇ ಮೇಸ್ತ್ರಿಯನ್ನು ಕರೆಸಿದರು.

ಹೊರಡುವ ಮೊದಲು

ನಿಮ್ಮ ಮನೆಯ ಹಿರಿಯರು ಬೇರೆ ರಾಜ್ಯಕ್ಕೆ ಹೊರಟಿದ್ದರೆ ಇಷ್ಟು ನೋಡಿಕೊಳ್ಳಿ.

• ಸಾಕ್ಷಿಗಳು ಬದುಕಿದ್ದಾರೆಯೇ, ಎಲ್ಲಿದ್ದಾರೆ? ಸಾಕ್ಷಿಗಳು ಬರೆಸುವವರಿಗಿಂತ ಕಿರಿಯರಿರಲಿ, ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ.

• ಮೂಲ ಪ್ರತಿ ಎಲ್ಲಿದೆ ಎಂದು ಇಬ್ಬರಿಗಾದರೂ ಗೊತ್ತಿರಲಿ. ನೋಂದಣಿ ಮಾಡಿಸಿದರೆ ಕಚೇರಿಯಲ್ಲಿ ಒಂದು ಪ್ರತಿ ಉಳಿಯುತ್ತದೆ. ಬರೆಸಿದವರು ಬದುಕಿರುವವರೆಗೆ ಅವರಿಗಷ್ಟೇ ಅದರ ನಕಲು ಕೊಡುತ್ತಾರೆ, ಆದ್ದರಿಂದ ಗುಟ್ಟು ಒಡೆಯುವ ಭಯವಿಲ್ಲ. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ.

• ಹಾಸಿಗೆ ಹಿಡಿದವರಿದ್ದರೆ ಅರ್ಜಿ ಕೊಟ್ಟು ನೋಂದಣಾಧಿಕಾರಿಯನ್ನು ಮನೆಗೇ ಕರೆಸಲು ಕಾನೂನಿನಲ್ಲಿ ಅವಕಾಶವಿದೆ.

• ಹಳೆಯ ಹೆಸರು, ಹಳೆಯ ತಾಲೂಕು ಇದ್ದರೆ ಹೊಸ ಪಹಣಿ ತೆಗೆಸಿ ಸರ್ವೆ ನಂಬರ್ ತಾಳೆ ನೋಡಿ.

• ಹೋದ ಊರಿನಲ್ಲಿ ಹೊಸ ವಿಲ್ ಬರೆಸಿದರೆ ಹಳೆಯದು ರದ್ದು ಎಂದು ಅದರಲ್ಲೇ ಬರೆಸಿ. ಎರಡು ವಿಲ್ ಎರಡು ಊರಿನಲ್ಲಿ ಉಳಿದರೆ ಎರಡು ಮನೆಗಳ ನಡುವೆ ಕೇಸು ಹುಟ್ಟುತ್ತದೆ.

ಪುಣೆಗೆ ಸಾಮಾನು ಕಟ್ಟುವಾಗ ಗುಳಿಗೆ ಚೀಟಿ, ಬ್ಯಾಂಕ್ ಪುಸ್ತಕ, ಆಧಾರ್ ಎಲ್ಲ ನೆನಪಿನಿಂದ ಇಟ್ಟುಕೊಳ್ಳುತ್ತೇವೆ. ಅದರ ಜೊತೆಗೆ ಟ್ರಂಕಿನ ತಳದ ಆ ಕಾಗದವನ್ನೂ ಹೊರತೆಗೆದು, ಅಪ್ಪನೋ ಅವ್ವನೋ ನೆನಪು ಗಟ್ಟಿಯಿರುವಾಗಲೇ ಎಲ್ಲರ ಎದುರು ಒಮ್ಮೆ ಓದಿಸಿ. ಅರ್ಧ ಗಂಟೆಯ ಕೆಲಸ ಅದು.